ಹತ್ತರ ಮೇಲಿನ ಕರೆಂಟು

ಮನುಷ್ಯನಿಗೆ ಅಗ್ಗದ ರುಚಿ ಒಮ್ಮೆ ಹತ್ತಿತೆಂದರೆ ಬಿಡಿಸುವುದು ಕಷ್ಟ. ತಂಬಾಕು ಬಿಟ್ಟವರನ್ನು ನೋಡಿದ್ದೇನೆ, ಇಸ್ಪೀಟು ಬಿಟ್ಟವರನ್ನೂ ನೋಡಿದ್ದೇನೆ. ಸೋವಿಯಲ್ಲಿ ಸಿಗುತ್ತದೆ ಎಂದು ತಿಳಿದ ಮೇಲೂ ಸುಮ್ಮನಿದ್ದ ಒಬ್ಬನನ್ನೂ ಬೆಳಗಾವಿಯ ನಮ್ಮ ಖಾಸಬಾಗದಲ್ಲಿ ಈವರೆಗೆ ಕಂಡಿಲ್ಲ. ನನ್ನ ಸುದ್ದಿಯಂತೂ ಕೇಳಲೇಬೇಡಿ. ಉದ್ಯಮಬಾಗದ ಫೌಂಡ್ರಿಯೊಂದರ ಸ್ಟೋರಿನಲ್ಲಿ ಕೆಲಸ ಮಾಡುವ ನಾನು ಬ್ಯಾಟರಿ ಸ್ಕೂಟರ್ ಕೊಂಡೆ, ಅದರ ಹಿಂದೆಯೇ ಮನೆಗೆ ಹೊಸ ಮೀಟರ್ ಬಂತು. ಕೂರಿಸಲು ಬಂದ ಲೈನ್‌ಮನ್ ಏಣಿಯಿಂದ ಇಳಿಯುತ್ತ, "ಇದು ತಾಸ ನೋಡಿ ರೇಟ್ ಹಚ್ಚತೈತ್ರಿ ಸಾಹೇಬ್ರ. ಸಂಜಿ ಆರರಿಂದ ಹತ್ತರ ತನಕ ತುಟ್ಟಿ. ಹತ್ತರ ಮ್ಯಾಲ ಸೋವಿ" ಎಂದ. ಆ ಮಾತು ಕೇಳಿ ಆದ ಸಂತೋಷ ನನಗೆ ಮದುವೆ ಗೊತ್ತಾದ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿ ಶೈಲಾಳ ಎದುರಿಗೇ ಹೇಳಿ ಎರಡು ದಿನ ಬರೀ ಅನ್ನ ಸಾರು ಉಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಸಂಜೆ ಆರಾದರೆ ಮಿಕ್ಸರ್ ಮುಟ್ಟುವಂತಿಲ್ಲ, ಇಸ್ತ್ರಿ ಹಿಡಿಯುವಂತಿಲ್ಲ. ಹತ್ತು ಹೊಡೆಯಿತೆಂದರೆ ನಾನೇ ಎದ್ದು ಸ್ಕೂಟರಿನ ಪ್ಲಗ್ ಹಚ್ಚುತ್ತಿದ್ದೆ. ಸಣ್ಣ ಹಸಿರು ದೀಪ ಹತ್ತಿಕೊಂಡಾಗ ಏನೋ ಗೆದ್ದೆ ಎಂಬ ಹುರುಪು. ಈ ಹುರುಪನ್ನು ಒಬ್ಬನೇ ಇಟ್ಟುಕೊಳ್ಳಲಾಗದೆ ಫೌಂಡ್ರಿಯಲ್ಲಿ, ಚಹಾದಂಗಡಿಯಲ್ಲಿ, ಲಗ್ನದ ಪಂಕ್ತಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹಂಚಿದೆ. ಎಷ್ಟು ಹಂಚಿದೆನೆಂದರೆ, ಖಾನಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಅಕ್ಕನ ಗಂಡ, ಮಾಮಾ, ನನ್ನ ಮಾತು ನಂಬಿ ಸೆಕೆಂಡ್ ಹ್ಯಾಂಡ್ ಬ್ಯಾಟರಿ ಗಾಡಿ ತಂದೇಬಿಟ್ಟರು.

ಆ ಗಾಡಿಯ ಬ್ಯಾಟರಿ ಬೆಳಗಾವಿಗೆ ಬರಲು ಸಾಕು, ಹೋಗಲು ಸಾಲದು. ಶನಿವಾರ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬಂದು, ಪೇಟೆಯಲ್ಲಿ ಸಾಮಾನಿಗೆ ಹೇಳಿ, ಸರಿಯಾಗಿ ಆರು ಗಂಟೆಗೆ ಮಾಮಾ ನಮ್ಮ ಕಟ್ಟೆಯ ಮೇಲೆ ವೈರ್ ಹಿಡಿದು ನಿಂತರು. "ಪ್ಲಗ್ ಎಲ್ಲೈತೋ ತಮ್ಮಾ?" ಮನೆಯ ಅಳಿಯನಿಗೆ 'ಈಗ ಬೇಡ, ತುಟ್ಟಿ' ಎನ್ನಲು ಬಾಯಿ ಬರಲಿಲ್ಲ, ಸುಮ್ಮನೆ ಹಚ್ಚಲು ಕೈ ಬರಲಿಲ್ಲ.

"ಪ್ಲಗ್ ಬಿಸಿ ಆಗೇತ್ರಿ ಮಾಮಾ, ಒಂದೀಟ ತಣ್ಣಗಾಗ್ಲಿ. ಮೊದ್ಲ ಚಾ ಕುಡೀರಿ" ಎಂದೆ. ಚಹಾದ ಹಿಂದೆ ಉಪ್ಪಿಟ್ಟು ಬಂತು, ಉಪ್ಪಿಟ್ಟಿನ ಹಿಂದೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ನಡುವೆ ನಾನು ಮಿಠಾಯಿ ಅಂಗಡಿಗೆ ಓಡಿಹೋಗಿ ಕುಂದಾ ತಂದೆ. ಹೀಗೆ ನೂಕಿ ನೂಕಿ ಹತ್ತು ಮುಟ್ಟಿಸಿ, "ಇನ್ನ ಹಚ್ಚಿದ್ರ ತುಂಬೂದ್ರಾಗ ನಡುರಾತ್ರಿ ಆಗತೈತಿ. ಇವತ್ತ ಇಲ್ಲೇ ವಸ್ತಿ ಇರ್ರಿ" ಎಂದೆ.

ಅಕ್ಕ ಕೈತೊಳೆಯುತ್ತಿದ್ದವಳು ನಿಂತು ನನ್ನನ್ನೇ ನೋಡಿದಳು. "ಖರೇನ ಅಂತೀಯೇನೋ?"

ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಅಕ್ಕ ಬಂದಿದ್ದಾಳೆ, ಅರ್ಧ ಕಪ್ಪು ಚಹಾ ಕುಡಿದು ಹೋಗಿದ್ದಾಳೆ. ಒಂದು ರಾತ್ರಿಯೂ ಉಳಿದಿರಲಿಲ್ಲ. ಜಗಳವೇನಿಲ್ಲ, ಇರು ಎಂದು ನಾನು ಅಂದಿರಲಿಲ್ಲ, ಅಷ್ಟೇ. ಮರುದಿನ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಒಳಗೆ ಅವಳು ಮಾಮಾನಿಗೆ ಹೇಳುವುದು ಕೇಳಿಸಿತು: "ಅವ್ವ ಹೋದ ಮ್ಯಾಲ ತವರಮನಿ ಮುಗೀತು ಅನ್ಕೊಂಡಿದ್ದೆ. ತಮ್ಮ ಅದಾನ." ಇದು ನನ್ನ ಪ್ರೀತಿಯಲ್ಲ, ಮೀಟರಿನದು ಎಂದು ಒಳಗೆ ಹೋಗಿ ಹೇಳಿಬಿಡಬೇಕೆನಿಸಿತು. ಬಾಯಲ್ಲಿ ಬ್ರಶ್ ಇತ್ತು. ಅದು ಒಳ್ಳೆಯ ನೆಪವಾಯಿತು.

ಆಮೇಲೆ ಶನಿವಾರದ ವಸ್ತಿ ರೂಢಿಯೇ ಆಯಿತು. ಪ್ರತಿ ಸಲ ಪ್ಲಗ್ಗಿಗೆ ಹೊಸ ರೋಗ ಹುಡುಕುವುದು ನನ್ನ ಕೆಲಸ. "ಒಂದ ಗಾಡಿ ಕರೆಂಟ್ ಉಳಸಾಕ ಅರ್ಧ ಕಿಲೋ ಕುಂದಾ ತರತೀರಿ. ಭಾಳ ಶಾಣ್ಯಾ ಅದೀರಿ ಬಿಡ್ರಿ" ಎಂದು ಶೈಲಾ ನಕ್ಕಳು. ಅವಳು ಹೇಳುವವರೆಗೆ ನನಗೂ ಅದು ಹೊಳೆದಿರಲಿಲ್ಲ. ಹೊಳೆದ ಮೇಲೂ ಕುಂದಾ ತರುವುದು ನಿಲ್ಲಲಿಲ್ಲ. ಶನಿವಾರ ಬಂದರೆ ಬೆಳಿಗ್ಗೆಯಿಂದಲೇ ನನಗೆ ಒಂದು ನಮೂನೆಯ ಸಡಗರ.

ಮೊನ್ನೆ ಶನಿವಾರ ಮಾಮಾ ಬಂದವರು ವೈರ್ ಹೊರಗೆ ತೆಗೆಯಲೇ ಇಲ್ಲ. "ಹೊಸಾ ಬ್ಯಾಟರಿ ಹಾಕ್ಸೇನೋ. ಇನ್ನೂ ಅರ್ಧಕ್ಕಿಂತ ಜಾಸ್ತಿ ಐತಿ. ಚಾ ಕುಡದು ಹೊಂಡತೇವಿ" ಎಂದರು. ನಾನು ಹಿಗ್ಗಬೇಕಾದ ಮಾತು. ಅಕ್ಕ ಚಹಾವನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಅವಳ ಚೀಲದಲ್ಲಿ ಮಡಚಿದ ಸೀರೆಯೊಂದು ಕಾಣುತ್ತಿತ್ತು. 'ಇರು ಅಕ್ಕಾ' ಎಂದರೆ ಮುಗಿದಿತ್ತು. ನೆಪವಿಲ್ಲದೆ ಅಷ್ಟು ಅನ್ನುವುದು ನನಗೆ ರೂಢಿಯಿಲ್ಲ. ಎದ್ದು ಹೋಗಿ ಮಾಮಾನ ಡಿಕ್ಕಿಯಿಂದ ವೈರ್ ತೆಗೆದೆ. ಗಂಟೆ ಆರೂವರೆ. ಎಲ್ಲಕ್ಕಿಂತ ತುಟ್ಟಿಯ ಹೊತ್ತಿನಲ್ಲಿ, ನನ್ನ ಕೈಯಾರೆ, ಪ್ಲಗ್ ಹಚ್ಚಿದೆ. "ರಸ್ತಾ ಖರಾಬ್ ಐತ್ರಿ ಮಾಮಾ. ಪೂರಾ ತುಂಬಿಸ್ಕೊಂಡ ಹೋಗೂದು ಚಲೋ" ಎಂದೆ.

ಅಕ್ಕ ಬಟ್ಟಲು ಕೆಳಗಿಟ್ಟು ಕಟ್ಟೆಗೆ ಬಂದಳು. ಬಗ್ಗಿ ಪ್ಲಗ್ ಕಿತ್ತು ನನ್ನ ಕೈಗಿಟ್ಟಳು.

"ಹತ್ತಾದ ಮ್ಯಾಲ ಹಚ್ಚೋ. ಈಗ ತುಟ್ಟಿ ಇರತೈತಿ."

"ನಿನಗ ಹೆಂಗ ಗೊತ್ತು?"

"ಗಾಡಿ ತಂದಾಗಿಂದ ನಮ್ಮನ್ಯಾಗೂ ಇಂಥಾದ್ದ ಮೀಟರ್ ಐತೆಲ್ಲೋ" ಎಂದವಳೇ ಒಳಗೆ ಹೋಗಿ, ರೊಟ್ಟಿ ಹಿಟ್ಟು ಎಲ್ಲೈತೆ ಎಂದು ಶೈಲಾಳನ್ನು ಕೇಳತೊಡಗಿದಳು. ನಾನು ವೈರ್ ಹಿಡಿದು ನಿಂತೇ ಇದ್ದೆ. ಊರಿಗೆಲ್ಲ ಅಗ್ಗದ ತಾಸು ಕಲಿಸಿದ ಶಾಣ್ಯಾನಿಗೆ, ಖಾನಾಪುರದಲ್ಲೂ ಹತ್ತು ಗಂಟೆ ಆಗುತ್ತದೆ ಎಂಬುದು ಹೊಳೆದಿರಲಿಲ್ಲ.