ಬಿವ್ವಿಯೊಂದಿಗೆ ಬಯಲಿನಲ್ಲಿ ಒಂದು ರಾತ್ರಿ

ನನಗೆ ಚಳಿ ಹೆಚ್ಚು ಎಂಬ ಆರೋಪವು ಸತ್ಯಕ್ಕೆ ದೂರವಾದುದೆಂದು ಈ ಮೂಲಕ ಓದುಗರ ಅವಗಾಹನೆಗೆ ತರಬಯಸುತ್ತೇನೆ. ದಸರಾ ಮುಗಿದ ಮರುದಿನದಿಂದ ಶಿವರಾತ್ರಿಯವರೆಗೆ ನಾನು ಮಂಕಿ ಕ್ಯಾಪ್ ಧರಿಸುವುದು ನಿಜ. ಆದರೆ ಅದು ಮುಂಜಾಗ್ರತಾ ಕ್ರಮವೇ ಹೊರತು ದೌರ್ಬಲ್ಯವಲ್ಲ. ಕಚೇರಿಯಲ್ಲಿ ನನ್ನ ತಲೆಯ ಮೇಲಿರುವ ಫ್ಯಾನು ಯುಗಾದಿಯವರೆಗೆ ತಿರುಗುವುದಿಲ್ಲವೆಂಬುದೂ ನಿಜ. ಅದು ವಿದ್ಯುತ್ ಉಳಿತಾಯ!

ಈ ಸೂಕ್ಷ್ಮವನ್ನು ಶಿವಮೊಗ್ಗದ ಸಮಸ್ತ ನೌಕರ ವರ್ಗವು ಒಪ್ಪಿದ್ದರೂ, ನನ್ನ ಹೆಂಡತಿಯ ತಮ್ಮ ಮಂಜುನಾಥನು ಒಪ್ಪಿರುವುದಿಲ್ಲ. ಈತ ಭದ್ರಾವತಿಯ ನಿವಾಸಿ. ಪ್ರತಿ ಚಳಿಗಾಲದಲ್ಲಿ ಈತನೂ ಈತನ ಗೆಳೆಯರೂ ಘಟ್ಟದ ಕಡೆಯ ಯಾವುದಾದರೂ ಬೆಟ್ಟ ಹತ್ತಿ, ನೆತ್ತಿಯ ಮೇಲೆ ರಾತ್ರಿ ಕಳೆದು, ಸೂರ್ಯೋದಯ ನೋಡಿ ಇಳಿಯುವ ಪದ್ಧತಿ ಇದೆ. ಪ್ರತಿ ವರ್ಷವೂ ನಾನು ಮೌಖಿಕ ಮನವಿ ಸಲ್ಲಿಸುತ್ತೇನೆ. ಪ್ರತಿ ವರ್ಷವೂ ಅದು ತಿರಸ್ಕೃತವಾಗುತ್ತದೆ.

ಈ ಸಲ ರಾಗಿಗುಡ್ಡದ ನಮ್ಮ ಮನೆಯಲ್ಲೇ, ನನ್ನ ಹೆಂಡತಿ ವಿಜಯಾ ಹುಯ್ದ ದೋಸೆಯನ್ನೇ ತಿನ್ನುತ್ತಾ, ಆತ ಹೇಳಿದ ಮಾತನ್ನು ಯಥಾವತ್ತಾಗಿ ನಮೂದಿಸುತ್ತೇನೆ.

“ಭಾವ, ನೀವು ಕರ್ಪೂರ ಇದ್ದಂಗೆ. ಗಾಳಿಗಿಟ್ರೆ ಹಾರೋಗ್ತೀರಿ. ಆಮೇಲೆ ಅಕ್ಕಂಗೆ ನಾನೇನು, ಖಾಲಿ ಮಂಕಿ ಕ್ಯಾಪ್ ತಂದು ಕೊಡ್ಲಾ?”

ವಿಜಯಾ ನಕ್ಕಳು. ಒಲೆಯ ಕಡೆ ತಿರುಗಿಕೊಂಡು ನಕ್ಕಳು. ಆದರೂ ಆಕೆಯ ಬೆನ್ನು ನಗುತ್ತಿದ್ದುದನ್ನು ನಾನು ಖುದ್ದು ಪರಿಶೀಲಿಸಿದ್ದೇನೆ.

“ಪರೀಕ್ಷೆ ಇಡು. ನಾನು ಸಿದ್ಧ!” ಎಂದೆ.

ಮಂಜುನಾಥನು ಷರತ್ತುಗಳನ್ನು ಪ್ರಕಟಿಸಿದ. “ಮಲವಗೊಪ್ಪದ ನಿಮ್ಮ ಸೈಟಲ್ಲಿ ಒಂದು ರಾತ್ರಿ ಮಲಗಿ. ಬೆಂಕಿ ಹಾಕೋ ಹಾಗಿಲ್ಲ, ಸೂರಿನ ಕೆಳಗೆ ಹೋಗೋ ಹಾಗಿಲ್ಲ. ಕಂಬಳಿ ಗಿಂಬಳಿ ಇಲ್ಲ, ಬೆಟ್ಟಕ್ಕೆ ಯಾರೂ ಹಾಸಿಗೆ ಹೊತ್ಕೊಂಡು ಹೋಗಲ್ಲ. ಜೇಬಲ್ಲಿ ಹಿಡಿಯೋದು ಏನಿದ್ರೂ ತಗೊಳ್ಳಿ. ಸೂರ್ಯ ಹುಟ್ಟೋವರೆಗೆ ಇದ್ರೆ ಈ ಸಲ ಬೆಟ್ಟಕ್ಕೆ ನಿಮ್ಮ ಹೆಸರೇ ಮೊದಲು.”

“ಇರದಿದ್ದರೆ?”

“ಇರದಿದ್ರೆ ಸಾಯೋವರೆಗೆ ಬೆಟ್ಟದ ಸುದ್ದಿ ಎತ್ಬಾರ್ದು.”

“ಬೇಡ ಮಾರಾಯ್ರೆ,” ಎಂದಳು ವಿಜಯಾ. “ನಿಮ್ಮ ಹಟಕ್ಕೆ ನಿಮಗೆ ಜ್ವರ, ಕಷಾಯ ಕುದಿಸೋ ಶಿಕ್ಷೆ ನನಗೆ.”

ಆಕೆಯ ಆಕ್ಷೇಪಣೆಯನ್ನು ತಳ್ಳಿಹಾಕಲಾಯಿತು.

ಜೇಬಿನಲ್ಲಿ ಹಿಡಿಯುವಂಥದ್ದು ಎಂಬ ಪದಪುಂಜವನ್ನು ಹಾಕಿ ಮಂಜುನಾಥನು ತಾನೇ ತೋಡಿದ ಹಳ್ಳಕ್ಕೆ ಬಿದ್ದಿದ್ದ. ಏಕೆಂದರೆ ಮೊಬೈಲಿನಲ್ಲಿ ನಾನೊಂದು ವಸ್ತುವನ್ನು ಆಗಲೇ ಗುರುತಿಸಿದ್ದೆ. ಸಾಬೂನು ಡಬ್ಬಿಯಷ್ಟು ಗಾತ್ರ. ಬಿಡಿಸಿದರೆ ಆಳುದ್ದದ ಬೆಳ್ಳಿ ಬಣ್ಣದ ಚೀಲ. ಒಳಗೆ ಹೊಕ್ಕು ಮಲಗಿದರೆ ನಮ್ಮ ಮೈಯ ಶಾಖವನ್ನು ನಮಗೇ ಹಿಂದಿರುಗಿಸುತ್ತದೆ. ಹಿಮದ ಮೇಲೆ ಮಲಗಿದ್ದ ಒಬ್ಬ ಗಡ್ಡದ ಮಹನೀಯರು ವಿಡಿಯೋದಲ್ಲಿ ಅದರೊಳಗಿನಿಂದ ನಗುನಗುತ್ತಾ ಕೈಬೀಸಿದರು. ಇದಕ್ಕೆ ‘ಬಿವ್ವಿ’ ಎಂದು ಹೆಸರು. ಚಾರಣಿಗರೆಲ್ಲ ಹಾಗೇ ಕರೆಯುತ್ತಾರಂತೆ. ನಾನೂ ಕನ್ನಡಿಯ ಮುಂದೆ ನಿಂತು ಹಲವು ಬಾರಿ ಕರೆದು ನಾಲಿಗೆಗೆ ರೂಢಿ ಮಾಡಿಕೊಂಡೆ. ವಿಡಿಯೋದ ಉಳಿದ ಭಾಗವನ್ನು ಮಾತ್ರ ಸಮಯಾಭಾವದಿಂದ ವೀಕ್ಷಿಸಲಾಗಲಿಲ್ಲ.

ನಿಗದಿತ ಸಂಜೆ ವಿಜಯಾ ತವರಿಗೆಂದು ಭದ್ರಾವತಿಯ ಬಸ್ಸು ಹತ್ತಿದಳು. ಅದೇ ಬಸ್ಸಿನಿಂದ ನಾನು ಮಲವಗೊಪ್ಪದಲ್ಲಿ ಇಳಿದೆ. “ಸಾಕು ಅನ್ಸಿದ್ರೆ ಫೋನ್ ಮಾಡಿ, ಮಂಜು ಬರ್ತಾನೆ,” ಎಂದು ಆಕೆ ಕಿಟಕಿಯಿಂದ ಕೂಗಿದಳು. ಕೇಳಿಸದವನಂತೆ ನಡೆದೆ. ವೀರರು ತಿರುಗಿ ನೋಡುವುದಿಲ್ಲ!

ನಮ್ಮ ಸೈಟಿನಲ್ಲಿ ಕಲ್ಲು, ಮುಳ್ಳು ಮತ್ತು ಒಂದು ಬೋರ್ಡು ಇವೆ. ‘ಈ ನಿವೇಶನ ಮಾರಾಟಕ್ಕಿಲ್ಲ’ ಎಂದು ಬರೆಸಿ, ಹತ್ತಿರದಲ್ಲಿರುವವನೆಂದು ಮಂಜುನಾಥನ ಫೋನ್ ನಂಬರ್ ಹಾಕಿಸಿದ್ದೇವೆ. ಪಕ್ಕದಲ್ಲೇ ಬಾಷಾ ಸಾಹೇಬರ ಟೈರ್ ಅಂಗಡಿ, ಅದರ ಹಿಂದೆ ಅವರ ಮನೆ. ಸೈಟಿಗೆ ಹೋದಾಗಲೆಲ್ಲ ಚಹಾ ಕೊಡದೆ ಕಳಿಸದ ಮನುಷ್ಯ. ಅಂದೂ ಲೋಟ ಹಿಡಿದು ಬಂದರು. ಮುಂದೆ ನಡೆದ ಸಂಭಾಷಣೆಯೇ ಸಕಲ ಅನಾಹುತಕ್ಕೂ ಮೂಲವಾದ್ದರಿಂದ ಒಂದಕ್ಷರವನ್ನೂ ಬಿಡದೆ ಕೊಡುತ್ತಿದ್ದೇನೆ.

“ಏನ್ ಸಾರ್, ಇಷ್ಟೊತ್ತಲ್ಲಿ?”

“ಇವತ್ತು ರಾತ್ರಿ ಇಲ್ಲೇ ಮಲಗ್ತೀನಿ ಸಾಹೇಬ್ರೆ.”

“ಈ ಚಳೀಲಿ? ಒಬ್ರೇನಾ?”

“ಒಬ್ಬನೇ ಯಾಕೆ? ಬಿವ್ವಿ ಇದೆಯಲ್ಲ!”

ಸಾಹೇಬರು ಸುತ್ತಲೂ ನೋಡಿದರು. “ಬೀವಿ ಭದ್ರಾವತಿಗೆ ಹೋಯ್ತಲ್ಲ ಸಾರ್. ಈಗ ಬಸ್ಸಿಂದ ಕೂಗ್ತಾ ಇತ್ತು.”

“ಅದು ವಿಜಯಾ. ಇದು ಬೇರೆ. ಹೊಸದು.”

“ಹೊಸದು?”

“ಮೊನ್ನೆ ಆನ್‌ಲೈನಲ್ಲಿ ಬಂತು. ತುಂಬಾ ತೆಳ್ಳಗಿದೆ, ಆದ್ರೆ ಬಲು ಬೆಚ್ಚಗಿರುತ್ತಂತೆ.”

ಸಾಹೇಬರು ಚಹಾ ಲೋಟವನ್ನು ನನ್ನ ಕೈಗಿಟ್ಟು ಹತ್ತಿರ ಸರಿದರು. “ಮನೇಲಿ ಗೊತ್ತಾ ಸಾರ್?”

“ಗೊತ್ತಿಲ್ಲ. ಗೊತ್ತಾದ್ರೆ ದುಡ್ಡು ದಂಡ ಅಂತಾಳೆ. ಇದೇನು, ನಾಲ್ಕು ಸಲ ಬಳಸಿ ಬಿಸಾಡೋದು.”

ಮಾನ್ಯರೇ, ನನ್ನ ಸಮರ್ಥನೆಯನ್ನು ಇಲ್ಲಿಯೇ ಸಲ್ಲಿಸುತ್ತೇನೆ. ವ್ಯಾಕರಣದ ಪ್ರಕಾರ ‘ಇದ್ದಾಳೆ’ ಎಂದರೆ ಹೆಣ್ಣು, ‘ಇದೆ’ ಎಂದರೆ ವಸ್ತು. ನಾನು ಆದ್ಯಂತ ‘ಇದೆ’ ಎಂದೇ ನುಡಿದಿದ್ದೇನೆ! ಆದರೆ ನಮ್ಮ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನೂ ಸಲಿಗೆಯಿಂದ ‘ಅದು ಬಂತು, ಇದು ಹೋಯ್ತು’ ಎನ್ನುವ ರೂಢಿ ಇದೆ. ರೂಢಿಯ ಮುಂದೆ ವ್ಯಾಕರಣ ಸೋತಿತು. ಸಾಹೇಬರ ಉರ್ದುವಿನಲ್ಲಿ ಬೀವಿ ಎಂದರೆ ಹೆಂಡತಿ ಎಂಬುದು ನನಗೂ ಗೊತ್ತು. ಆ ಕ್ಷಣಕ್ಕೆ ಹೊಳೆಯಲಿಲ್ಲ ಅಷ್ಟೇ.

ಸಾಹೇಬರು ತಮ್ಮ ಮನೆಯ ಬಾಗಿಲ ಕಡೆ ನೋಡಿದರು. ಬಳಿಕ ಕರುಣೆಯಿಂದ ಹೇಳಿದರು: “ನೀವು ಗಂಡಸು, ಹೆಂಗೋ ಇರ್ತೀರಿ. ಅದನ್ನ ಒಳಗೆ ಕಳಿಸಿ ಸಾರ್. ನಮ್ಮ ಮನೆಯವರ ಹತ್ರ ಮಲಗ್ಲಿ. ಪಾಪ, ಚಳಿ.”

“ಛೆ ಛೆ, ಅದು ನನ್ನ ಮೈಗೆ ಸುತ್ಕೊಂಡಿದ್ರೇನೇ ಶಾಖ!”

“ತೋಬಾ!” ಎಂದವರೇ ಸಾಹೇಬರು ಲೋಟವನ್ನೂ ಮರೆತು ಹೊರಟುಹೋದರು. ಹೊಸ ತಂತ್ರಜ್ಞಾನ ಕಂಡರೆ ಹಿರಿಯರಿಗೆ ಸ್ವಲ್ಪ ಹಿಂಜರಿಕೆ ಎಂದುಕೊಂಡೆ.

ಕತ್ತಲಾಯಿತು. ಡಬ್ಬಿಯಿಂದ ಬಿವ್ವಿಯನ್ನು ಬಿಡಿಸಿದೆ. ನೂರು ಚಿಪ್ಸ್ ಪೊಟ್ಟಣಗಳನ್ನು ಏಕಕಾಲದಲ್ಲಿ ಹರಿದಂಥ ಸದ್ದು! ಮುಳ್ಳಿಲ್ಲದ ಜಾಗ ಆರಿಸಿ ಒಳಹೊಕ್ಕೆ. ಮುಖಕ್ಕೆ ಗಾಳಿ ತಾಗಬಾರದೆಂದು ಚೀಲದ ಬಾಯಿಯನ್ನೂ ಒಳಗಿನಿಂದ ಬಿಗಿಯಾಗಿ ಹಿಡಿದುಕೊಂಡೆ. ಆಹಾ! ಬೆಚ್ಚಗಾಯಿತು. ಮಂಜುನಾಥನ ಸೋತ ಮುಖ ಕಣ್ಣಮುಂದೆ ಬಂತು. ನಿದ್ದೆಯೂ ಬಂತು.

ಎಚ್ಚರವಾದಾಗ ಒಳಗೆ ಮಳೆ ಬರುತ್ತಿತ್ತು.

ಹೊರಗೆ ನಕ್ಷತ್ರಗಳಿದ್ದವು. ಒಳಗೆ ಮಳೆ! ನಾನೇ ಬಿಟ್ಟ ಉಸಿರು ಹಾಳೆಗೆ ತಾಗಿ, ನೀರಾಗಿ, ನನ್ನ ಮೇಲೇ ತೊಟ್ಟಿಕ್ಕುತ್ತಿತ್ತು. ಮಂಕಿ ಕ್ಯಾಪ್ ತೊಯ್ದಿತ್ತು, ಸ್ವೆಟರ್ ತೊಯ್ದಿತ್ತು. ಮುಖವನ್ನು ಚೀಲದ ಹೊರಗೆ ಇಟ್ಟುಕೊಳ್ಳಬೇಕು, ಮೈಯಡಿಗೆ ಒಣ ಎಲೆಯನ್ನೋ ಹುಲ್ಲನ್ನೋ ದಪ್ಪಗೆ ಹಾಸಿಕೊಳ್ಳಬೇಕು ಎಂಬ ಎರಡು ಮುಖ್ಯ ಸೂಚನೆಗಳು ಆ ವಿಡಿಯೋದ ಉಳಿದ ಭಾಗದಲ್ಲೇ ಇದ್ದವೆಂದು ಅನಂತರ ತಿಳಿದುಬಂತು. ಏನೂ ಹಾಸದ ಕಾರಣ ಮಲವಗೊಪ್ಪದ ನೆಲವು ತನ್ನ ಸಮಸ್ತ ತಂಪನ್ನೂ ನನ್ನ ಬೆನ್ನಿಗೆ ವರ್ಗಾಯಿಸಿತ್ತು. ಹಲ್ಲುಗಳು ನನ್ನ ಅನುಮತಿ ಇಲ್ಲದೆ ಕೆಲಸ ಆರಂಭಿಸಿದವು.

ಫೋನ್ ಮಾಡಲೇ? ಕೈ ಜೇಬಿನವರೆಗೆ ಹೋಯಿತು. ಕರ್ಪೂರ ಎಂಬ ಮಾತು ನೆನಪಾಯಿತು. ಕೈ ವಾಪಸ್ಸು ಬಂತು. ಇಲ್ಲ! ಹೆಪ್ಪುಗಟ್ಟಿದರೂ ಸರಿ, ಸೂರ್ಯನನ್ನು ನೋಡಿಯೇ ಹೆಪ್ಪುಗಟ್ಟುವೆ!

ನಡುಗಿದಷ್ಟೂ ಚೀಲ ಸರಪರ ಎನ್ನುತ್ತಿತ್ತು. ಆ ಸದ್ದು ತಿಂಡಿಯ ಪೊಟ್ಟಣದ್ದೆಂದು ಬಡಾವಣೆಯ ನಾಯಿಗಳು ತೀರ್ಮಾನಿಸಿದವು. ಮೊದಲು ಒಂದು ಬಂತು. ಅದು ಉಳಿದವಕ್ಕೆ ಸುತ್ತೋಲೆ ಹೊರಡಿಸಿತು. ನಾನು ಎದ್ದು, ಕಾಲನ್ನು ಚೀಲದಿಂದ ಬಿಡಿಸಲು ವ್ಯವಧಾನವಿಲ್ಲದೆ, ಗೋಣಿಚೀಲದ ಓಟದಂತೆ ಕುಪ್ಪಳಿಸುತ್ತಾ ಹೊರಟೆ. ಶಾಲೆಯಲ್ಲಿ ಆ ಆಟದಲ್ಲಿ ನನಗೆ ಬಹುಮಾನ ಬಂದಿರಲಿಲ್ಲ. ಅಂದು ಖಂಡಿತ ಬರುತ್ತಿತ್ತು! ಟೈರ್ ಅಂಗಡಿಯ ಮುಂದೆ ಬಯಲಿನಲ್ಲೇ ಹಳೆಯ ಲಾರಿ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹೇಗೆ ಹತ್ತಿದೆನೋ ತಿಳಿಯದು, ಆ ಬಾವಿಯೊಳಗೆ ಇಳಿದು ಕುಳಿತೆ. ತಲೆ ಮಾತ್ರ ಹೊರಗೆ.

ಆಶ್ಚರ್ಯ! ಗಾಳಿ ನಿಂತಿತು. ನೆಲದ ತಂಪೂ ತಾಗಲಿಲ್ಲ, ಕೆಳಗೆ ಹಳೆಯ ಟ್ಯೂಬುಗಳ ರಾಶಿ. ಮುಖ ಹೊರಗಿದ್ದುದರಿಂದ ಮಳೆಯೂ ನಿಂತಿತು. ನಡುಕ ನಿಧಾನವಾಗಿ ಇಳಿಯಿತು. ಆಗಲೇ ಬೈಕೊಂದರ ಬೆಳಕು ನೇರ ನನ್ನ ಮುಖಕ್ಕೆ ಬಿತ್ತು. ಮಂಜುನಾಥ. ಹಿಂದೆ ವಿಜಯಾ. ಸಾಹೇಬರು ನಿದ್ದೆ ಬಾರದೆ ಹೊರಳಾಡಿ, ಕೊನೆಗೆ ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, ನೊಂದ ದನಿಯಲ್ಲಿ ವರದಿ ಒಪ್ಪಿಸಿದ್ದರು.

“ಎಲ್ರೀ ಅವಳು?” ಎಂದಳು ವಿಜಯಾ.

“ಯಾ-ಯಾ-ಯಾರು?”

“ಅದೇ, ಆನ್‌ಲೈನಲ್ಲಿ ಬಂದೋಳು! ತೆಳ್ಳಗೆ, ಬೆಚ್ಚಗೆ ಇರೋಳು!”

ನಾನು ಎದ್ದು ನಿಂತೆ. ಸೊಂಟದವರೆಗೆ ಟೈರು, ಮೇಲೆಲ್ಲ ಬೆಳ್ಳಿ. “ಇ-ಇದೇ. ಇದರೊಳಗೇ ಇದ್ದೀನಿ.”

ಮೊದಲು ಮಂಜುನಾಥನಿಗೆ ಅರ್ಥವಾಯಿತು. ಆತ ಬೈಕನ್ನು ಸ್ಟ್ಯಾಂಡಿಗೂ ಹಾಕದೆ ನೆಲದ ಮೇಲೆ ಕುಳಿತುಬಿಟ್ಟ. “ಅಕ್ಕಾ, ಸವತಿ ಅಲ್ಲ ಕಣೆ, ಇದು ಪಾರ್ಸೆಲ್ ಕವರು!” ಬಾಗಿಲಲ್ಲಿ ನಿಂತಿದ್ದ ಸಾಹೇಬರು ಹಣೆ ಚಚ್ಚಿಕೊಂಡು, “ಮೊದಲೇ ಚೀಲ ಅನ್ನಬಾರ್ದಾ ಸಾರ್? ನಮ್ಮ ಮನೆಯವರು ನಿಮ್ಮ ಹೊಸ ಬೀವಿಗೆ ಅಂತ ಹಾಸಿಗೆ ಬೇರೆ ಹಾಸಿದ್ರು,” ಎಂದರು.

“ಸಾಕು, ಇಳೀರಿ. ಮನೆಗೆ ಹೋಗಣ,” ಎಂದಳು ವಿಜಯಾ. ಆಕೆಯ ದನಿ ನಗುತ್ತಿತ್ತು. ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು.

“ಇಳಿಯುವುದಿಲ್ಲ!”

“ತೊಯ್ದು ತೊಪ್ಪೆ ಆಗಿದೀರಿ ಮಾರಾಯ್ರೆ!”

“ಸೂರ್ಯ ಹುಟ್ಟಿಲ್ಲ. ನಾನು ಸೋತಿಲ್ಲ.”

ಟೈರು ಜೇಬಿನಲ್ಲಿ ಹಿಡಿಯುವ ವಸ್ತುವಲ್ಲವೆಂದು ಮಂಜುನಾಥ ತಕರಾರು ಎತ್ತಿದ. ಟೈರನ್ನು ನಾನು ತಂದಿಲ್ಲ, ಅದು ಸ್ಥಳದಲ್ಲೇ ಇತ್ತು, ಬೆಟ್ಟದ ಮೇಲೆ ಬಂಡೆ ಇರುವ ಹಾಗೆ ಎಂದು ನಾನು ಪ್ರತಿವಾದಿಸಿದೆ. ತೀರ್ಪನ್ನು ಸಾಹೇಬರಿಗೆ ಬಿಡಲಾಯಿತು. ಅವರು ಟೈರುಗಳನ್ನೂ ಆಕಾಶವನ್ನೂ ನೋಡಿ, “ಸೂರಿಲ್ಲ. ನಡೀತದೆ,” ಎಂದರು. ಮೂಡಣ ಕೆಂಪಾಗುವವರೆಗೆ ನಾನು ಅಲ್ಲೇ ನಿಂತಿದ್ದೆ, ಕೂತಿದ್ದೆ, ಮತ್ತೆ ನಿಂತಿದ್ದೆ. ಸೂರ್ಯ ಹುಟ್ಟಿದ. ಮಂಜುನಾಥ ಕೈ ಮುಗಿದ. “ಒಪ್ಪಿದೆ ಭಾವ. ನಿಮ್ಮ ಹೆಸರೇ ಮೊದಲು.”

ಹೀಗೆ ನಾನು ಬೆಟ್ಟಕ್ಕೆ ಅರ್ಹನೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅಂದೇ ಮಧ್ಯಾಹ್ನ ಜ್ವರ ಬಂತು. ಜ್ವರ ಇಳಿಯಿತು, ನೆಗಡಿ ಇಳಿಯಲಿಲ್ಲ. ಬೆಟ್ಟದ ದಿನವೂ ಬಂತು. ನನ್ನ ಹೆಸರಿನ ಸ್ಥಾನ ಖಾಲಿ ಬಿಡಬಾರದೆಂದು ಮಂಜುನಾಥನು ತನ್ನ ಅಕ್ಕನನ್ನು ಕರೆದ. ಆಕೆ ಫ್ಲಾಸ್ಕಿಗೆ ಕಷಾಯ ತುಂಬಿಟ್ಟು, ಒಂದು ಶಾಲು ಹೊದ್ದು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಆಯ್ಕೆಯಾದ ಅಭ್ಯರ್ಥಿ ನಾನೇ ಎಂಬುದನ್ನು ಯಾರೂ ಮರೆಯತಕ್ಕದ್ದಲ್ಲ. ಹಾಜರಾದವರು ಮಾತ್ರ ಬೇರೆ.

ಮರುದಿನ ನಸುಕಿನಲ್ಲಿ ಫೋನ್ ಬಂತು. ಎರಡು ಕಂಬಳಿಗಳ ಅಡಿಯಿಂದ ಎತ್ತಿದೆ.

“ರೀ, ಈಗ ಸೂರ್ಯ ಹುಟ್ತಾ ಇದಾನೆ. ಎಷ್ಟು ಚೆಂದ ಗೊತ್ತಾ! ಇಲ್ಲಿ ಅಂಥ ಚಳಿನೂ ಇಲ್ಲ ಕಣ್ರೀ. ನೀವೂ ಬರಬಹುದಿತ್ತು.”

ನನ್ನ ಅರ್ಹತೆಯ ಬಗ್ಗೆ ಈಗ ಯಾರಿಗೂ ಆಕ್ಷೇಪಣೆ ಇಲ್ಲವೆಂಬುದನ್ನು ಆ ಬೆಟ್ಟದ ಮೇಲಿದ್ದವರೆಲ್ಲರಿಗೂ ಕೇಳುವಂತೆ ಸಾರಲು ನಿರ್ಧರಿಸಿ, ಎದ್ದು ಕೂತು, ಗಂಟಲು ಸರಿಪಡಿಸಿಕೊಂಡು ಆರಂಭಿಸಿದೆ: “ಯಾರಿಗೂ ಆ... ಆ... ಆಕ್ಷೀ!”

“ನೂರು ವರ್ಷ,” ಎಂದು ಹರಸಿ ಆಕೆ ಫೋನ್ ಇಟ್ಟಳು.