ವಾರಿಜಳ ಕಂಪೆನಿಗೆ ನಾನೂ ಹೋದದ್ದು

ಫೋನಿನ ಕರಾರು ಬಿಡಿಸಿಕೊಳ್ಳುವುದೆಂದರೆ ತೆಂಗಿನಕಾಯಿ ಕೀಳುವವನಿಗೆ "ಈ ಸಲ ಬರುವುದು ಬೇಡ" ಎಂದು ಹೇಳಿದಷ್ಟೇ ಸುಲಭ ಎಂದು ನಾನು ತಿಳಿದಿದ್ದೆ. ಹೋಗುವುದು, ಹೇಳುವುದು, ಬರುವುದು. ಅಷ್ಟೇ.

ಕಾಪುವಿನ ಹತ್ತಿರ ನಮ್ಮದು ಹದಿನೈದು ಮಲ್ಲಿಗೆ ಗಿಡ. ಹೂ ಕಟ್ಟಿ ಮಾರುತ್ತೇನೆ; ಮೂರು ಸಾವಿರಕ್ಕೂ ಹೆಚ್ಚು ಹೂ ಸೇರಿದರೆ ಒಂದು ಅಟ್ಟೆ. ಮದುವೆಯ ಹೂವಿಗೆ ಜನ ನನಗೇ ಫೋನ್ ಮಾಡುತ್ತಾರೆ. ಕಾರ್ಕಳದ ಒಂದು ದೊಡ್ಡ ಮನೆಯವರು ಮೂರು ಹೆಣ್ಣುಮಕ್ಕಳ ಮದುವೆಗೂ ನನ್ನ ಹೂವನ್ನೇ ತರಿಸಿದ್ದರು. ನಾಲ್ಕನೆಯವಳ ಮದುವೆ ಹತ್ತಿರ ಬಂದಿತ್ತು. ಆ ಒಂದು ಕರೆಗಾಗಿ ಫೋನನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡು ತಿರುಗುತ್ತಿದ್ದೆ.

ಆಗಲೇ ಪಕ್ಕದ ಮನೆಯ ವಾರಿಜಳಿಗೆ ದುಬೈಯಲ್ಲಿರುವ ಮಗಳು ಹೊಸ ಫೋನ್ ಕೊಟ್ಟು ಹೋದಳು. ಸಿಮ್ಮು ಬೇರೆ ಕಂಪೆನಿಯದು. ವಾರಿಜ ದಿನಕ್ಕೆ ನಾಲ್ಕು ಸಲ ನಮ್ಮ ಕಂಪೌಂಡ್ ಗೋಡೆಯ ಹತ್ತಿರ ಬಂದು, ನನ್ನ ಕಣ್ಣೆದುರೇ ಫೋನ್ ಎತ್ತಿ ಹಿಡಿದು, ಮಗಳ ಮುಖ ನೋಡಿಕೊಂಡು ಮಾತಾಡುತ್ತಿದ್ದಳು. ಅವಳದ್ದೂ ಮಲ್ಲಿಗೆಯ ವ್ಯಾಪಾರವೇ, ಆದರೆ ಹೂ ಕಟ್ಟಲು ಅವಳಿಗೆ ಸರಿಯಾಗಿ ಬರುವುದಿಲ್ಲ. ಫೋನ್ ಮಾತ್ರ ಅಂಥದ್ದು. ನನ್ನ ಹೊಟ್ಟೆಕಿಚ್ಚಿನಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

"ನಾವೂ ಅವಳ ಕಂಪೆನಿಗೆ ಹೋಗುವ," ಎಂದೆ ಗಂಡನಿಗೆ.

"ನಮ್ಮದಕ್ಕೆ ಎಂತ ಆಗಿದೆ ಮಾರಾಯ್ತಿ? ಸರಿ ಉಂಟಲ್ಲ?"

"ಸರಿ ಇದ್ದರೆ ಸಾಕಾ? ನೋಡುವವರ ಕಣ್ಣಿಗೆ ಕಾಣುವುದು ಬೇಡ್ವಾ?"

ಉಡುಪಿಯ ಅಂಗಡಿಗೆ ಹೋದೆ. ಅಲ್ಲಿ ಕುಳಿತಿದ್ದ ಹೆಂಗಸು ಕಂಪ್ಯೂಟರ್ ನೋಡಿ, "ಅಮ್ಮ, ನೀವು ಎರಡು ವರ್ಷದ ಕರಾರಿಗೆ ಸೈನ್ ಹಾಕಿದ್ದೀರಿ. ಈಗ ಬಿಡುವುದಾದರೆ ಉಳಿದ ತಿಂಗಳಿನದ್ದೆಲ್ಲ ಒಟ್ಟಿಗೆ ಕಟ್ಟಬೇಕು. ಅದರಲ್ಲೇ ಬರೆದದ್ದುಂಟು," ಎಂದಳು.

"ನಾನು ಓದಿದ್ದು ಮೂರನೇ ಕ್ಲಾಸು. ಅಷ್ಟು ಸಣ್ಣ ಅಕ್ಷರ ನಮಗೆ ಕಲಿಸಲೇ ಇಲ್ಲ."

"ಮನೆಯಲ್ಲಿ ರೇಂಜ್ ಇಲ್ಲದಿದ್ದರೆ ಮಾತ್ರ ಕಟ್ಟದೆ ಬಿಡಬಹುದು. ನಿಮ್ಮಲ್ಲಿ ರೇಂಜ್ ಉಂಟಾ?"

"ಇಲ್ಲ," ಎಂದೆ. "ಒಂದು ಚೂರೂ ಇಲ್ಲ."

"ಹಾಗಾದರೆ ನಮ್ಮವರು ಬಂದು ನೋಡ್ತಾರೆ. ಎಷ್ಟು ಹೊತ್ತಿಗೆ ಬರಬೇಕು?"

"ನಾಳೆ ಹತ್ತು ಗಂಟೆಗೆ."

ಹತ್ತಕ್ಕೆ ಹೂ ಕಟ್ಟಿ ಮುಗಿದು ನನಗೆ ಪುರುಸೊತ್ತಾಗುತ್ತದೆ. ಅದೇ ಹೊತ್ತಿಗೆ ಆ ದಿನದ ಮಲ್ಲಿಗೆಯ ದರವೂ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಊರಿನ ಹೂವಿನವರೆಲ್ಲ ನನಗೆ ಫೋನ್ ಮಾಡುತ್ತಾರೆ. ಯಾಕೆಂದರೆ ದರ ಇಳಿದರೆ ನನ್ನಷ್ಟು ಚೆನ್ನಾಗಿ ಬೈಯಲು ಯಾರಿಗೂ ಬರುವುದಿಲ್ಲ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬಂದವರು ಹುಬ್ಬಳ್ಳಿ ಕಡೆಯ, ಮೀಸೆ ನರೆತ ಒಬ್ಬ ಮನುಷ್ಯ. ನಾನು ಮೊದಲೇ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹೂತು ಮುಚ್ಚಳ ಹಾಕಿದ್ದೆ. ಅಕ್ಕಿಯೊಳಗೆ ರೇಂಜ್ ನುಗ್ಗಲಾರದು ಎಂಬುದು ನನ್ನ ಸ್ವಂತ ಸಂಶೋಧನೆ.

"ನೀವೇ ನೋಡಿ, ಇಡೀ ಮನೆಯಲ್ಲಿ ಎಲ್ಲಿಯೂ ಇಲ್ಲ," ಎನ್ನುವಾಗ ಡಬ್ಬ ಹಾಡತೊಡಗಿತು. ನನ್ನ ಗಂಡ ಎದ್ದು ಹೋಗಿ, ಮುಚ್ಚಳ ತೆಗೆದು, ಅಕ್ಕಿ ಕೊಡವಿ, "ಹಾಂ, ಇವತ್ತು ಎಷ್ಟಂತೆ?" ಎಂದು ಕೇಳಿದರು. ಇಟ್ಟರು. ಮತ್ತೆ ಹಾಡಿತು. ಹೀಗೆ ಐದು ಸಲ.

"ಅಮ್ಮಾರ, ಅಕ್ಕಿ ಡಬ್ಬಿ ಒಳಗೂ ರೇಂಜ್ ಫುಲ್ ಐತ್ರಿ," ಎಂದು ಅವರು ಬರೆದುಕೊಂಡು ಹೋದರು.

ಮಾನ ಹೋದ ಮೇಲೆ ಹಠ ಮಾತ್ರ ಉಳಿಯಿತು. ಹೂವಿನ ಉಳಿತಾಯವನ್ನು ತೆಗೆದು ಕಟ್ಟಿ, ಅದೇ ನಂಬರಿನೊಂದಿಗೆ ವಾರಿಜಳ ಕಂಪೆನಿ ಸೇರಿದೆ. ಹೊಸ ಸಿಮ್ಮು ಚಾಲೂ ಆದ ದಿನ ನೋಡಿದರೆ ಜಗಲಿಯಲ್ಲಿ ರೇಂಜ್ ಇಲ್ಲ, ಅಡುಗೆಮನೆಯಲ್ಲಿ ಇಲ್ಲ, ಬಾವಿಕಟ್ಟೆಯಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಕಂಪೌಂಡ್ ಗೋಡೆಯ ಹತ್ತಿರ. ಆಚೆ ಕಡೆಯಿಂದ ವಾರಿಜ ಇಣುಕಿದಳು.

"ಅಯ್ಯೋ ಅಪ್ಪಿಯಕ್ಕ, ನೀವು ಅದಕ್ಕೆ ಸೇರಿದಿರಾ? ನನ್ನನ್ನು ಒಂದು ಮಾತು ಕೇಳುವುದಲ್ವಾ? ಇಲ್ಲಿ ಬಿಸಿಲಲ್ಲಿ ನಿಂತು ನಿಂತು ನನ್ನ ತಲೆ ಸುಟ್ಟುಹೋಗಿತ್ತು. ಮೊನ್ನೆ ಅದನ್ನು ಬಿಟ್ಟು ನಿಮ್ಮ ಕಂಪೆನಿಗೆ ಬಂದೆ. ನೀವು ಒಳಗೆ ಕೂತೇ ಫೋನಲ್ಲಿ ಬೈಯುವುದು ನಮ್ಮ ಮನೆಗೆ ಕೇಳ್ತಿತ್ತಲ್ಲ."

ಕಾರ್ಕಳದವರು ಎರಡು ದಿನ ನನ್ನ ನಂಬರಿಗೆ ಪ್ರಯತ್ನಿಸಿದರಂತೆ. ಸಿಗಲಿಲ್ಲ. ಹೂ ಒಯ್ಯುವ ಏಜೆಂಟರನ್ನು ಕೇಳಿದಾಗ ಅವರು ವಾರಿಜಳ ನಂಬರ್ ಕೊಟ್ಟರು. ವಾರಿಜ ಒಪ್ಪಿಕೊಂಡು, ಆಮೇಲೆ ಹೆದರಿ ನನ್ನ ಬಳಿಗೆ ಓಡಿ ಬಂದಳು.

"ನಾಲ್ಕು ಅಟ್ಟೆ ಹೂ ಬೇಕಂತೆ ಅಕ್ಕ. ನನ್ನ ಒಬ್ಬಳ ಕೈಯಲ್ಲಿ ಎಲ್ಲಿ ಆಗ್ತದೆ?"

ನಾನು ಅವಳ ಜಗಲಿಯಲ್ಲಿ ಕುಳಿತು ನನ್ನ ಗಿರಾಕಿಯ ಹೂವನ್ನು ಅವಳಿಗಾಗಿ ಕಟ್ಟಿದೆ. ಹೂ ತಲುಪಿದ ಮೇಲೆ ಕಾರ್ಕಳದ ಅಮ್ಮ ಫೋನ್ ಮಾಡಿದರು. ವಾರಿಜ ಸ್ಪೀಕರ್ ಹಾಕಿದಳು.

"ಲಾಯ್ಕದಲ್ಲಿ ಕಟ್ಟಿದ್ದೀರಿ ಮಾರಾಯ್ರೆ. ಅಪ್ಪಿಯಕ್ಕನದ್ದಕ್ಕಿಂತ ಎಷ್ಟೋ ವಾಸಿ."

ಒಂದೊಂದು ಶಬ್ದವೂ ಸ್ಪಷ್ಟವಾಗಿ ಕೇಳಿಸಿತು. ನಾನು ಬಿಟ್ಟುಬಂದ ಕಂಪೆನಿಯ ರೇಂಜಿನ ಬಗ್ಗೆ ದೂರುವಂಥದ್ದು ಏನೂ ಇಲ್ಲ. ಈ ವಯಸ್ಸಿನವರೆಗೆ ಎಷ್ಟೋ ಜನರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ನನ್ನ ಕೈಯ ಮೇಲೆ ನಾನೇ ಪಟ್ಟದ್ದು ಅದೇ ಮೊದಲು.