ಎಮ್ಮೆಗೆ ಹತ್ತಕ್ಕೆ ಆರು

ನಗುವ ಪ್ರಸಂಗಗಳು ನಮ್ಮ ಮನಸ್ಸು ಹೇಗಿದೆ ಎಂದು ವಿಚಾರಿಸಿಕೊಂಡು ಬರುವುದಿಲ್ಲ. ಬರುವಾಗ ಬಂದೇ ಬರುತ್ತವೆ.

ಅದೊಂದು ಸಾಧಾರಣ ಮಂಗಳವಾರ. ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಬೋರ್ಡಿನ ಮೇಲೆ ಹೂಜಿ ಬರೆಯುತ್ತಿದ್ದೆ. ಎಡಭಾಗ ಮುಗಿದಿತ್ತು. ಹೆಡ್‌ಮಾಸ್ಟರು ಬಾಗಿಲಿಗೆ ಬಂದು, "ಮೇಡಂ, ಸ್ವಲ್ಪ ಹೊರಗೆ ಬನ್ನಿ" ಎಂದರು. ಬೆಳಿಗ್ಗೆ ನನ್ನ ಜೊತೆ ತಿಂಡಿ ತಿಂದು, ಒಂದು ಲೋಟ ನೀರು ಕುಡಿದು ಡ್ಯೂಟಿಗೆ ಹೋಗಿದ್ದ ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡಿದ್ದರು. ಅಂದಿನಿಂದ ಮಕ್ಕಳಿಗೆ ಪುಸ್ತಕ ನೋಡಿ ಬರೆಯಲು ಹೇಳುತ್ತಿದ್ದೆ. ನನ್ನ ಕೈ ಗೆರೆ ಎಳೆಯಲಿಲ್ಲ.

ಕೆಲವು ವರ್ಷಗಳ ನಂತರ ರಜೆ ಹಾಕಿ, ವಿಶ್ವವಿದ್ಯಾಲಯದಲ್ಲಿ ಕಲಾ ಚಿಕಿತ್ಸೆಯ ತರಬೇತಿಗೆ ಸೇರಿದೆ. ನೊಂದವರಿಂದ ಚಿತ್ರ ಬರೆಸಿ ಮನಸ್ಸು ಹಗುರ ಮಾಡುವ ವಿದ್ಯೆ ಅದು. ಕೋರ್ಸು ಮುಗಿಯುವುದರೊಳಗೆ ನಾವೂ ನಮ್ಮದೊಂದು ಚಿತ್ರ ಬರೆದು ಕೊಡಬೇಕು. ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಕೇಳಿದಾಗಲೆಲ್ಲ ನಾನು ಖಾಲಿ ಹಾಳೆ ಕೊಡುತ್ತಿದ್ದೆ. "ಇರಲಿ, ಇನ್ನೂ ಟೈಮಿದೆ" ಎಂದು ಪ್ರೊಫೆಸರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು.

ಪಾಸು

ಅಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಹಳೇಬೀಡಿನಲ್ಲಿ ಸೇರುತ್ತಿದ್ದ ವಯಸ್ಸಾದ ಹೆಂಗಸರ ಗುಂಪು. ಹಗರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಅಜ್ಜಿ ತಮ್ಮ ಎಮ್ಮೆ ಬರೆದರು. ಕಾಲು ಐದಿದ್ದವು. ನಾನು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು "ಹತ್ತಕ್ಕೆ ಆರು, ಕಾಲು ಗಮನಿಸಿ" ಎಂದು ಬರೆದುಬಿಟ್ಟೆ.

ಪ್ರೊಫೆಸರು ತಲೆ ಚಚ್ಚಿಕೊಂಡರು. "ಮೇಡಂ, ಇಲ್ಲಿ ಯಾರಿಗೂ ಅಂಕ ಕೊಡಬಾರದು!"

ಮುಂದಿನ ವಾರ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. "ಟೀಚರಮ್ಮ, ಆರು ಅಂದ್ರೆ ಪಾಸಾ?"

"ಪಾಸು ಅಜ್ಜಿ."

"ಸರಿ ಬಿಡು. ಎಮ್ಮೆಗೆ ಹೇಳ್ತೀನಿ."

ಮನಸ್ಸಿಗೆ ಬಂದದ್ದು

"ಮನಸ್ಸಿಗೆ ಬಂದದ್ದು ಬರೀರಿ" ಎಂದು ಒಂದು ದಿನ ಹಾಳೆ ಹಂಚಿದೆ. ಎಲ್ಲರೂ ತಲೆ ಬಗ್ಗಿಸಿ ಸಾಲಾಗಿ ಚುಕ್ಕಿ ಇಡತೊಡಗಿದರು. ರಂಗೋಲಿ!

"ಚುಕ್ಕಿ ಬೇಡ, ಸುಮ್ಮನೆ ಮನಸ್ಸಿಗೆ ಬಂದ ಹಾಗೆ ಗೆರೆ ಎಳೀರಿ" ಎಂದೆ.

ಹಗರೆ ಅಜ್ಜಿ ಬೈದರು. "ಮನ್ಸಿಗೆ ಬಂದಂಗೆ ಎಳೆಯಾಕೆ ಇದೇನು ಸಂಸಾರನಾ, ಅವ್ವ? ಚುಕ್ಕಿ ಕೂಡಬೇಕು."

ಗೈಡು

ಬೇಲೂರಿನಲ್ಲಿ ಇನ್ನೊಂದು ಗುಂಪು, ಗಂಡಸರದು. ಅದರಲ್ಲಿ ದೇವಸ್ಥಾನ ತೋರಿಸಿ ತೋರಿಸಿ ವಯಸ್ಸಾದ ಗೈಡ್ ಒಬ್ಬರಿದ್ದರು. ಬರೆದವರೇ ಹೇಳುವ ತನಕ ಚಿತ್ರಕ್ಕೆ ಯಾರೂ ಅರ್ಥ ಹೇಳಬಾರದು ಎಂದು ನಾನು ತಿಳಿಸಿದ್ದೆ. ಗೈಡು ತಡೆಯಲಾರದೆ ಎದ್ದು, ಪಕ್ಕದವರ ಹಾಳೆಗೆ ಕೊಡೆಯ ತುದಿ ಇಟ್ಟರು.

"ಇಲ್ಲಿ ಗಮನಿಸಿ. ದೂರದಿಂದ ಮೋಡ. ಹತ್ತಿರದಿಂದ ಆನೆ. ಎಡಗಡೆಯಿಂದ ನೋಡಿದರೆ, ಇವರ ಜೊತೆ ಮಾತು ಬಿಟ್ಟ ತಮ್ಮ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಳೆಯ ಯಜಮಾನರು ಗಾಬರಿಯಾಗಿ ಹೇಳಿದರು: "ನಾನು ಪೆನ್ನು ಬರೀತದಾ ಅಂತ ನೋಡ್ದೆ, ಅಷ್ಟೇ ಕಣ್ರೀ."

ಟೀಚರಮ್ಮನ ಪರೀಕ್ಷೆ

ಹಳೇಬೀಡಿನ ಕೊನೆಯ ದಿನ. ಮಾರನೆಯ ದಿನವೇ ನನ್ನ ಚಿತ್ರ ಕೊಡಬೇಕಿತ್ತು. ಹಾಳೆ ಖಾಲಿಯಾಗಿಯೇ ಇತ್ತು.

"ಇಷ್ಟು ದಿನ ನಮ್ಮ ಕೈಲಿ ಬರೆಸ್ದೆ. ಇವತ್ತು ನೀನು ಬರಿ, ನಾವು ನೋಡ್ತೀವಿ" ಎಂದರು ಹಗರೆ ಅಜ್ಜಿ.

"ನನಗೆ ಬರಲ್ಲ ಅಜ್ಜಿ."

"ಬರ್ದೇ ಇದ್ದೋಳು ನಮ್ಮ ಎಮ್ಮೆಗೆ ಆರು ಕೊಟ್ಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಪೆನ್ಸಿಲ್ ಹಿಡಿದೆ. ಹೂಜಿಯ ಎಡಭಾಗ ಬಂತು. ಸ್ವಲ್ಪ ಹೊತ್ತಾದ ಮೇಲೆ ಬಲಭಾಗವೂ ಬಂತು.

ಅಜ್ಜಿ ಹಾಳೆಯನ್ನು ಬೆಳಕಿಗೆ ಹಿಡಿದರು. "ಹೂಜಿಯೇನೋ ಚೆನ್ನಾಗೈತೆ. ಲೋಟ ಎಲ್ಲಿ? ಬಾಯಿ ಹಾಕ್ಕಂಡು ಕುಡಿಯಾಕೆ ಇದೇನು ಎಮ್ಮೆಗಿಟ್ಟಿರೋದಾ?"

ಲೋಟವನ್ನೂ ಬರೆದೆ. ಆಮೇಲೆ ಅವರು ನನ್ನ ಕೆಂಪು ಪೆನ್ನು ಕಿತ್ತುಕೊಂಡರು. ಅವರಿಗೆ ಅಂಕಿ ಬರೆಯಲು ಬಾರದು. ಮೂಲೆಯಲ್ಲಿ ಏಳು ಚುಕ್ಕಿ ಇಟ್ಟರು.

"ಹತ್ತು ಹಾಕು, ಪಾಪ" ಎಂದರು ಉಳಿದವರು.

"ಬ್ಯಾಡ, ಜಂಬ ಬತ್ತದೆ. ಎಮ್ಮೆಗಿಂತ ಒಂದು ಜಾಸ್ತಿ ಕೊಟ್ಟಿವ್ನಿ, ಸಾಕು."

ಮಾರನೆಯ ದಿನ ಪ್ರೊಫೆಸರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಚುಕ್ಕಿಯ ಬಗ್ಗೆ ಮಾತ್ರ ಕೇಳಿದರು. "ಅಂಕ, ಸರ್" ಎಂದೆ.

ಹೂಜಿಯ ಪಕ್ಕದಲ್ಲಿ ಲೋಟಗಳು ಎರಡಿದ್ದವು.